ಮೂರನೇ ದಿನ ಮಗು ಹೇಗಿದೆ ನೋಡಿ

ದಸರಾ ಮುಗಿಯಿತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಸೆಮಿಸ್ಟರ್ ನಡುವೆ ಸಿಗುವ ನಾಲ್ಕೈದು ದಿನದ ರಜೆ, ಅದರಲ್ಲಿ ಆಗಬೇಕಿದ್ದ ಕೆಲಸ, ಆಗದೇ ಉಳಿದ ಸಂಕಟ. ನಾನು ಧಾರವಾಡದಲ್ಲಿ 28 ವರ್ಷ ಅರ್ಥಶಾಸ್ತ್ರ ಹೇಳಿಕೊಟ್ಟವಳು. ಅದರಲ್ಲಿ 14 ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ವಾರ್ಡನ್ ಆಗಿದ್ದೆ. ರಜೆಗೆ ಊರಿಗೆ ಹೊರಟ ಮಕ್ಕಳನ್ನೂ ರಜೆ ಮುಗಿಸಿ ಬಂದ ಮಕ್ಕಳನ್ನೂ ಗೇಟಿನ ಹತ್ತಿರ ನಿಂತು ನೋಡಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ನಾನು ವೈದ್ಯೆ ಅಲ್ಲ. ವೈದ್ಯರ ಹತ್ತಿರ ಹೋಗಬೇಕಾದ ಕಡೆ ಹೋಗಿ ಅಂತಲೇ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಮೂರನೇ ಸೆಮ್. ಊರು ರಾಣೆಬೆನ್ನೂರು ಹತ್ತಿರದ ಹಳ್ಳಿ, ಓದುತ್ತಿರುವುದು ಬೆಂಗಳೂರಿನಲ್ಲಿ. ಮೊದಲ ಇಂಟರ್ನಲ್ಸ್‌ನಲ್ಲಿ ಎರಡು ಸಬ್ಜೆಕ್ಟ್ ಕೈಕೊಟ್ಟವು. ದಸರಾ ರಜೆಯಲ್ಲಿ ಎಲ್ಲ ಮುಗಿಸಿಬಿಡೋಣ ಅಂತ ಐದು ಪುಸ್ತಕ, ಎರಡು ರೆಕಾರ್ಡ್, ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಮೊದಲೆರಡು ದಿನ ಬರೀ ನಿದ್ದೆ. ಮೂರನೇ ದಿನ ಹಬ್ಬ, ಅವತ್ತು ತುಂಬಾ ಖುಷಿಯಾಗಿದ್ದೆ. ನಾಲ್ಕನೇ ದಿನ ನೆಂಟರು, ಐದನೇ ದಿನ ಬಸ್ಸು. ಒಂದು ಪುಟವೂ ಓದಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅತ್ತೆ. ಖುಷಿಯಾಗಿದ್ದದ್ದೂ ತಪ್ಪು ಅನಿಸುತ್ತಿದೆ. ನನಗೆ ಶಿಸ್ತೇ ಇಲ್ಲವಾ?

ಉತ್ತರ: ಮಗಳೇ, ಮೊದಲು ಒಂದು ಲೆಕ್ಕ ಹಾಕೋಣ. ರಜೆಗೆ ಮುಂಚಿನ ಎರಡು ವಾರ, ಇಂಟರ್ನಲ್ಸ್ ಹೊತ್ತಿನಲ್ಲಿ, ರಾತ್ರಿ ಎಷ್ಟು ತಾಸು ಮಲಗಿದ್ದೆ? ಹಾಸ್ಟೆಲ್‌ಗಳಲ್ಲಿ ನಾನು ಕಂಡದ್ದು ನಾಲ್ಕು, ಹೆಚ್ಚೆಂದರೆ ಐದು ತಾಸು. ನಿನ್ನ ವಯಸ್ಸಿನವರಿಗೆ 7ರಿಂದ 9 ತಾಸು ನಿದ್ದೆ ಬೇಕು. ದಿನಕ್ಕೆ ಮೂರು ತಾಸು ಕಡಿಮೆ ಅಂತ ಹಿಡಿದರೂ 14 ದಿನಕ್ಕೆ 42 ತಾಸು ಬಾಕಿ. ಎರಡು ದಿನ ನೀನು ಮಲಗಿದ್ದು ಆ ಬಾಕಿಯ ಒಂದು ಪಾಲನ್ನು ತೀರಿಸಿದ್ದು, ಅಷ್ಟೇ. ಅದಕ್ಕೆ ಸೋಮಾರಿತನ ಅಂತ ಹೆಸರಿಡಬೇಡ.

ಇನ್ನೊಂದು. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ರಾತ್ರಿ ನಿದ್ದೆಯಲ್ಲಿ. ನಿದ್ದೆಗೆಟ್ಟು ಓದಿದ ಪಾಠ ಪರೀಕ್ಷೆಯಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ನಿನ್ನ ಎರಡು ಸಬ್ಜೆಕ್ಟ್ ಹಾಗೇ ಹೋಗಿರಬಹುದು, ಯೋಚನೆ ಮಾಡು.

ನಿನ್ನ ಪತ್ರ ಓದುವಾಗ ನನಗೆ ಒಂದು ಬ್ಯಾಗು ಕಣ್ಣ ಮುಂದೆ ಬಂತು. ಬಿಎಸ್ಸಿ ಎರಡನೇ ವರ್ಷದ ಹುಡುಗಿ, ದಸರಾಕ್ಕೆ ಊರಿಗೆ ಹೊರಟಿದ್ದಳು. ಬ್ಯಾಗಿನ ಜಿಪ್ ಕಿತ್ತುಹೋಗಿತ್ತು. ಅದರ ಬಾಯಿಗೆ ಹಳೇ ಇಳಕಲ್ ಸೀರೆಯ ಕೆಂಪು ಅಂಚು ಸುತ್ತಿ, ಎರಡು ಗಂಟು ಹಾಕಿ ಬಿಗಿದುಕೊಂಡಿದ್ದಳು. ಎತ್ತಲಾರದೆ ಎತ್ತುತ್ತಿದ್ದಳು. ತರಕಾರಿ ತೂಗುವ ಮೆಸ್ಸಿನ ತಕ್ಕಡಿಯಲ್ಲಿ ಇಟ್ಟು ನೋಡಿದೆವು. 11 ಕಿಲೋ. ಆರು ದಿನ ಬಿಟ್ಟು ಭಾನುವಾರ ಸಂಜೆ ಅವಳು ಗೇಟಿನೊಳಗೆ ಬಂದಾಗ ನಾನು ಮುಖಕ್ಕಿಂತ ಮೊದಲು ಬ್ಯಾಗು ನೋಡಿದೆ. ಅದೇ ಕೆಂಪು ಅಂಚು, ಅದೇ ಎರಡು ಗಂಟು. ಬಿಚ್ಚೇ ಇರಲಿಲ್ಲ. ಅವಳು ನನ್ನ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಿದಳು. ಆ ಆರು ದಿನವೂ ಆ ಬ್ಯಾಗು ಮನೆಯ ಮೂಲೆಯಲ್ಲಿ ಕೂತು ಅವಳನ್ನು ನೋಡುತ್ತಲೇ ಇತ್ತಂತೆ, ಆಮೇಲೆ ಹೇಳಿದಳು. ಉಣ್ಣುವಾಗಲೂ, ಬನ್ನಿ ಕೊಡಲು ಓಣಿಯಲ್ಲಿ ತಿರುಗುವಾಗಲೂ. ಓದಲೂ ಇಲ್ಲ, ದಣಿವೂ ಇಳಿಯಲಿಲ್ಲ.

ಅವತ್ತಿನಿಂದ ನಾನು ಹೊರಡುವ ಮಕ್ಕಳಿಗೆ ಒಂದು ಮಾತು ಹೇಳತೊಡಗಿದೆ. ಒಂದು ತೆಳುವಾದ ನೋಟ್‌ಬುಕ್ ತಗೊಂಡು ಹೋಗಿ, ಉಳಿದದ್ದನ್ನು ಇಲ್ಲೇ ಟ್ರಂಕಿನಲ್ಲಿಡಿ. ಐದು ದಿನದ ರಜೆಯಲ್ಲಿ ಎರಡು ತಿಂಗಳ ಪಾಠ ಮುಗಿಯುವುದಿಲ್ಲ. ಅದು ನಿನ್ನ ಕೈಲಾಗದ್ದಕ್ಕಲ್ಲ, ಯಾರ ಕೈಲೂ ಆಗುವುದಿಲ್ಲ. ಮೂರನೇ ದಿನ ನೀನು ಖುಷಿಯಾಗಿದ್ದೆ ಅಂದೆಯಲ್ಲ, ನಿನ್ನ ಪತ್ರದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಸಾಲು ಅದೇ. ಎರಡು ದಿನ ನಿದ್ದೆ ಮಾಡಿದ ಮೇಲೆ ಮನಸ್ಸು ಹಬ್ಬಕ್ಕೆ ತೆರೆದುಕೊಂಡಿತು ಅಂದರೆ ನಿನಗಿದ್ದದ್ದು ದಣಿವು. ದಣಿವಿಗೆ ಮದ್ದು ಸಿಕ್ಕಿತು.

ಈಗ ಆ ಎರಡು ಸಬ್ಜೆಕ್ಟ್. ದಿನಕ್ಕೆ ನಲವತ್ತು ನಿಮಿಷ ಸಾಕು, ಒಂದು ದಿನ ಇದು, ಒಂದು ದಿನ ಅದು. ಓದಿದ ಮೇಲೆ ಪುಸ್ತಕ ಮುಚ್ಚು, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆ. ಎರಡು ದಿನ ಬಿಟ್ಟು ಮತ್ತೆ ಬರೆ, ವಾರ ಬಿಟ್ಟು ಮತ್ತೊಮ್ಮೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟಿದ್ದಾನೆ. ಮೊದಲ ದಿನದಲ್ಲೇ ಬಹುಪಾಲು ಹೋಗುತ್ತದೆ. ಬಿಟ್ಟು ಬಿಟ್ಟು ಓದಿದರೆ ನಿಲ್ಲುತ್ತದೆ. ಒಂದೇ ಸಮನೆ ಐದು ದಿನ ಕೂತು ಓದುವ ನಿನ್ನ ಯೋಜನೆ ನಡೆದಿದ್ದರೂ ಇಷ್ಟು ಪ್ರಯೋಜನ ಆಗುತ್ತಿರಲಿಲ್ಲ.

ಇನ್ನೂ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ದಸರಾ ಬರಲಿ ಅಂತ ಕಾಯಬೇಡ. ಶನಿವಾರ ಭಾನುವಾರಕ್ಕೆ ಸೇರಿದಂತೆ ಒಂದು ರಜೆ ಬಿದ್ದರೂ ಹೋಗಿ ಅವ್ವನ ಕೈಯ ಊಟ ಉಂಡು ಬಾ. ದೊಡ್ಡ ರಜೆಯ ಮೇಲೆ ಎಲ್ಲ ಭಾರ ಹಾಕುವುದಕ್ಕಿಂತ ನಡುನಡುವೆ ಎರಡು ದಿನ ಉಸಿರಾಡುವುದು ಒಳ್ಳೆಯದು.

ಪ್ರಶ್ನೆ: ಅಕ್ಕಾವರೇ, ನಾನು ನವಲಗುಂದ ತಾಲ್ಲೂಕಿನ ರೈತ. ಮಗ ಹುಬ್ಬಳ್ಳಿಯಲ್ಲಿ ಬಿಕಾಂ ಎರಡನೇ ವರ್ಷ, ರೂಮ್ ಮಾಡಿಕೊಂಡಿದ್ದಾನೆ. ದಸರಾಕ್ಕೆ ಬಂದವನು ಶೀಗಿ ಹುಣ್ಣಿಮೆ ತನಕ ಇದ್ದ. ಅಷ್ಟೂ ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮೊಬೈಲ್ ಹಿಡಿದು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಹುಣ್ಣಿಮೆ ದಿನ ಮನೆಮಂದಿ ಎಲ್ಲ ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋದೆವು, ಅವನು ಬರಲಿಲ್ಲ. ಸಣ್ಣವನಿದ್ದಾಗ ಆ ದಿನ ಎಲ್ಲರಿಗಿಂತ ಮೊದಲು ಬಂಡಿ ಹತ್ತುತ್ತಿದ್ದ. ಕೇಳಿದರೆ 'ಏನಿಲ್ಲ ಬಿಡಪ್ಪ' ಅನ್ನುತ್ತಾನೆ. ಮೊಬೈಲ್ ಕಸಿದುಕೊಳ್ಳಲೇ?

ಉತ್ತರ: ಅಣ್ಣಾವರೇ, ಮೊಬೈಲ್ ಕಸಿಯಬೇಡಿ. ಅವನು ಹೊರಗಿನವರ ಜೊತೆ ಮಾತಾಡಲು ಉಳಿದಿರುವ ದಾರಿ ಅದೊಂದೇ ಇರಬಹುದು.

ನೀವು ಬರೆದದ್ದರಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಬಂಡಿಯ ಮಾತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಗಡಬು ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲದಲ್ಲಿ ಕೂತು ಉಣ್ಣುವ ದಿನ, ಮೊದಲು ಬಂಡಿ ಹತ್ತುತ್ತಿದ್ದ ಹುಡುಗ ಮನೆಯಲ್ಲೇ ಉಳಿದ. ಮೇಲಿನ ಹುಡುಗಿಯ ಪತ್ರ ಓದಿದ್ದೀರಲ್ಲ, ಅವಳು ಎರಡು ದಿನ ಮಲಗಿ ಮೂರನೇ ದಿನ ಎದ್ದು ಹಬ್ಬ ಮಾಡಿದಳು. ರಜೆಗೆ ಬಂದ ಮಕ್ಕಳ ಮೊದಲೆರಡು ದಿನವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಲಗಲಿ, ಸಿಡುಕಲಿ. ನೋಡಬೇಕಾದ್ದು ಮೂರನೇ ದಿನ. ಬರೀ ದಣಿವಾಗಿದ್ದರೆ ಅಷ್ಟು ಹೊತ್ತಿಗೆ ಏನಾದರೂ ಒಂದಕ್ಕೆ ಜೀವ ಬರುತ್ತದೆ. ತಿಂಡಿಗೋ, ತಂಗಿಯ ಜೊತೆ ಜಗಳಕ್ಕೋ, ಕ್ರಿಕೆಟ್ಟಿಗೋ. ನಿಮ್ಮ ಮಗ ಮೂರನೇ ದಿನವೂ ಏಳಲಿಲ್ಲ, ಎಂಟನೇ ದಿನವೂ ಏಳಲಿಲ್ಲ. ಇದು ನಾನು ಕಂಡುಕೊಂಡ ಅಳತೆ, ವೈದ್ಯಶಾಸ್ತ್ರದ್ದಲ್ಲ. ಆದರೆ ಪ್ರೀತಿಯ ಸಂಗತಿಗಳಲ್ಲೂ ಆಸೆ ಹೋಗಿ, ಅದು ಎರಡು ವಾರದ ಮೇಲೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಬೇಕು ಅಂತ ವೈದ್ಯರೇ ಹೇಳುತ್ತಾರೆ.

ಇದನ್ನು ನಾನು ತಡವಾಗಿ ಕಲಿತೆ. ನಮ್ಮ ಮೆಸ್ಸಿನಲ್ಲಿ ಒಂದು ರಿಜಿಸ್ಟರ್ ಇತ್ತು. ಉದ್ದನೆಯ ನೀಲಿ ರಟ್ಟಿನ ಪುಸ್ತಕ, ಒಂದೊಂದು ಹೆಸರಿನ ಮುಂದೆ ದಿನಕ್ಕೆ ಮೂರು ಮನೆ. ಉಂಡವರು ಟಿಕ್ ಹಾಕಬೇಕು. ತಿಂಗಳ ಬಿಲ್ ಲೆಕ್ಕಕ್ಕೆ ಮಾತ್ರ ನಾನು ಅದನ್ನು ತೆಗೆಯುತ್ತಿದ್ದೆ. ಒಂದು ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಒಬ್ಬ ಹುಡುಗಿಯ ಹೆಸರಿನ ಮುಂದೆ ರಾತ್ರಿಯ ಮನೆಗಳು ಒಂದರ ಕೆಳಗೊಂದು ಖಾಲಿ. ಒಂಬತ್ತು ರಾತ್ರಿ. ಬೆಳಗ್ಗೆಯ ಟಿಕ್ಕುಗಳೂ ಪೆನ್ನಿನ ಗೆರೆ ಕಾಣದಷ್ಟು ತೆಳುವಾಗಿದ್ದವು. ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯರು ಅವಳಿಗೆ ಹಸಿವಿಲ್ಲ ಅಂದುಕೊಂಡಿದ್ದರು. ನಾನು ಬಿಲ್ ನೋಡುವ ತನಕ ನೋಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ವರ್ಷದ ಓದು ನಿಲ್ಲಿಸಿದಳು, ಮಾರನೇ ವರ್ಷ ಬಂದು ಮುಗಿಸಿದಳು. ಈಗ ಕೆಲಸದಲ್ಲಿದ್ದಾಳೆ. ಆದರೆ ಆ ಒಂಬತ್ತು ಖಾಲಿ ಮನೆ ನನಗೆ ಇನ್ನೂ ಕಾಣುತ್ತವೆ. ಆಮೇಲೆ ನಾನು ವಾರ್ಡನ್ ಆಗಿದ್ದಷ್ಟು ವರ್ಷ ಆ ಪುಸ್ತಕವನ್ನು ದಿನಾ ರಾತ್ರಿ ತೆಗೆದು ನೋಡುತ್ತಿದ್ದೆ.

ಮಗನ ಹತ್ತಿರ ಮಾತಾಡುವುದು ಹೇಗೆ? ಎದುರಿಗೆ ಕೂರಿಸಿಕೊಂಡು ಕೇಳಿದರೆ 'ಏನಿಲ್ಲ' ಅಂತಲೇ ಬರುತ್ತದೆ. ಈ ವಾರ ನೀವೇ ಹುಬ್ಬಳ್ಳಿಗೆ ಹೋಗಿ. ರೊಟ್ಟಿ ಕೊಡುವ ನೆವ ಸಾಕು. ಅವನ ಜೊತೆ ಬೀದಿಯಲ್ಲಿ ನಡೆಯಿರಿ, ಚಹಾ ಕುಡಿಯಿರಿ. ಪಕ್ಕಪಕ್ಕ ನಡೆಯುವಾಗ ಗಂಡುಮಕ್ಕಳ ಬಾಯಿಂದ ಮಾತು ಸಲೀಸಾಗಿ ಬರುತ್ತದೆ. 'ಹುಣ್ಣಿಮೆ ದಿನ ನೀ ಬರಲಿಲ್ಲ, ನನಗೆ ಚಿಂತಿ ಆಗೇದ' ಅಂತ ನಿಮ್ಮ ಮಾತಿನಲ್ಲೇ ಹೇಳಿ. ಮಾರ್ಕ್ಸ್ ಮಾತು ಎತ್ತಬೇಡಿ. ರೊಕ್ಕದ ಮಾತಂತೂ ಬೇಡವೇ ಬೇಡ. ಎಷ್ಟೋ ಮಕ್ಕಳು ಬ್ಯಾಕ್ ಉಳಿದಿದೆ, ಅಂದರೆ ಸಬ್ಜೆಕ್ಟ್ ಪಾಸಾಗಿಲ್ಲ ಅಂತ ಮನೆಯಲ್ಲಿ ಹೇಳಲಾರದೆ, ಅಪ್ಪ ಸಾಲ ಮಾಡಿ ಫೀ ಕಟ್ಟಿದ್ದಾನೆ ಅಂತ ಒಳಗೊಳಗೇ ಕೊರಗುತ್ತಾರೆ. ಅಂಥದ್ದೇನಾದರೂ ಹೊರಗೆ ಬಂದರೆ ಅವತ್ತು ಬೈಯಬೇಡಿ. ಕೇಳಿಸಿಕೊಂಡು ಸುಮ್ಮನೆ ಬೆನ್ನ ಮೇಲೆ ಕೈ ಇಡಿ.

ಜೀವ ಬೇಡ ಅನಿಸುತ್ತದಾ ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧ ಇದ್ದರೆ ಇವತ್ತೇ ಬೀಗದೊಳಗೆ ಇಡಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಮಗನ ಉತ್ತರ ಏನೇ ಇರಲಿ, ಇದನ್ನು ಮಾತ್ರ ಮಾಡಿ.

ನಿಮಗೆ ಹತ್ತಿರದಲ್ಲೇ ಧಾರವಾಡದ ಡಿಮ್ಹಾನ್ಸ್ ಇದೆ, ಮನಸ್ಸಿನ ಕಾಯಿಲೆಗಳಿಗೆ ನೋಡುವ ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಂಗಳವಾರದ ಕ್ಲಿನಿಕ್ ಇದೆ, ವಿಚಾರಿಸಿ. ಹೋಗುವ ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ 14416ಕ್ಕೆ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗ ಮಾಡದಿದ್ದರೆ ನೀವು ಮಾಡಿ, ತಂದೆಯಾಗಿ ಏನು ಮಾಡಬೇಕು ಅಂತ ಕೇಳಿ. ದಯವಿಟ್ಟು ದೀಪಾವಳಿ ತನಕ ಕಾಯಬೇಡಿ. ಹೋಗಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ, ತುಮಕೂರು. ನಾವು ಬುಡ್ಡಿದೀಪದಲ್ಲಿ ಓದಿದೆವು, ಹತ್ತು ಮೈಲಿ ನಡೆದೆವು. ಆಗ ಸ್ಟ್ರೆಸ್ ಅನ್ನುವ ಮಾತೇ ಇರಲಿಲ್ಲ. ಈಗ ನಾಲ್ಕು ತಿಂಗಳ ಸೆಮಿಸ್ಟರಿಗೆ ನಡುವೆ ರಜೆ ಬೇಕು ಅನ್ನುತ್ತಾರೆ. ಇದು ಮಕ್ಕಳನ್ನು ಮೆತ್ತಗೆ ಮಾಡುವುದಲ್ಲವೇ?

ಉತ್ತರ: ಮೇಷ್ಟ್ರೇ, ನೀವು ನಡೆದ ಹತ್ತು ಮೈಲಿಗೆ ನನ್ನ ನಮಸ್ಕಾರ. ಮಾತು ಇರಲಿಲ್ಲ ಅನ್ನುವುದು ನಿಜಕ್ಕೆ ಹತ್ತಿರವೇ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಹಾನ್ಸ್ ಸೆಲ್ಯೆ ಇಲಿಗಳಿಗೆ ಚಳಿ, ಗಾಯ, ವಿಪರೀತ ದುಡಿತ ಕೊಟ್ಟು ನೋಡಿ, ಕಷ್ಟ ಯಾವುದೇ ಇರಲಿ ದೇಹ ಒಂದೇ ರೀತಿ ಸೊರಗುತ್ತದೆ ಅಂತ 1936ರಲ್ಲಿ ಬರೆದರು. ಸ್ಟ್ರೆಸ್ ಅನ್ನುವ ಪದ ಈ ಅರ್ಥದಲ್ಲಿ ಎಲ್ಲರ ಬಾಯಿಗೆ ಬಂದದ್ದು ಅಲ್ಲಿಂದ ಈಚೆಗೆ. ಅವರು ಕಂಡದ್ದು ಮೂರು ಹಂತ. ಮೊದಲು ದೇಹ ಬೆಚ್ಚಿ ಎಚ್ಚರಾಗುತ್ತದೆ. ಆಮೇಲೆ ತಡೆದು ನಿಲ್ಲುತ್ತದೆ. ಬಿಡುವೇ ಸಿಗದಿದ್ದರೆ ಕೊನೆಗೆ ಕುಸಿಯುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗದ ಹಾಗೆ ನೋಡಿಕೊಳ್ಳಲಿಕ್ಕೇ ನಡುವಿನ ರಜೆ.

ನಮ್ಮ ಕಾಲದಲ್ಲಿ ವರ್ಷಕ್ಕೊಂದೇ ಪರೀಕ್ಷೆ. ಜೂನ್‌ನಿಂದ ಡಿಸೆಂಬರ್ ತನಕ ನಾಟಕ, ಎನ್ನೆಸ್ಸೆಸ್ ಕ್ಯಾಂಪ್, ಜಾತ್ರೆ ಎಲ್ಲ ನಡೆಯುತ್ತಿತ್ತು. ಸಂಕ್ರಾಂತಿ ಆದ ಮೇಲೆ ಓದು ಬಿಗಿಯಾಗುತ್ತಿತ್ತು. ಈಗ ಸೆಮಿಸ್ಟರ್ ಶುರುವಾದ ಒಂದೂವರೆ ತಿಂಗಳಿಗೆ ಇಂಟರ್ನಲ್ಸ್, ನಡುವೆ ಅಸೈನ್‌ಮೆಂಟ್, ಸೆಮಿನಾರ್, ಮತ್ತೆ ಇಂಟರ್ನಲ್ಸ್, ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವ ಭಯ ಬೇರೆ. ನೀವು ನಡೆದ ಹತ್ತು ಮೈಲಿಯಲ್ಲಿ ಕಾಲು ದಣಿಯುತ್ತಿತ್ತು, ತಲೆಗೆ ಬಿಡುವಿತ್ತು. ಇವರಿಗೆ ಆ ದಾರಿಯೂ ಇಲ್ಲ.

ನಿಮ್ಮ ಮೊಮ್ಮಕ್ಕಳು ರಜೆಗೆ ಬಂದಾಗ ಆ ಹತ್ತು ಮೈಲಿ ದಾರಿಯ ಕಥೆ ಹೇಳಿ. ಹೋಲಿಸಬೇಡಿ, ಸುಮ್ನೆ ಕಥೆ ಹೇಳಿ. ಮಳೆಯಲ್ಲಿ ಪುಸ್ತಕ ಹೇಗೆ ಕಾಪಾಡಿಕೊಂಡಿರಿ, ದಾರಿಯಲ್ಲಿ ಏನು ತಿಂದಿರಿ, ಇಂಥದ್ದು. ಅವರು ಕೇಳುತ್ತಾರೆ.

ಪ್ರಶ್ನೆ: ಆಂಟಿ, ನಾನು ಮೈಸೂರಿನವನು, ಕೆನಡಾದ ಒಂಟಾರಿಯೋದಲ್ಲಿ ಎಂಎಸ್ ಮೊದಲ ವರ್ಷ. ಅಕ್ಟೋಬರ್‌ನಲ್ಲಿ ಇಲ್ಲಿ ರೀಡಿಂಗ್ ವೀಕ್ ಅಂತ ಒಂದು ವಾರ ಕ್ಲಾಸ್ ಇರಲಿಲ್ಲ. ರೂಮ್‌ಮೇಟ್‌ಗಳೆಲ್ಲ ಮನೆಗೆ ಹೋದರು. ನಾನು ಏಳು ದಿನವೂ ಅಂಗಡಿಯಲ್ಲಿ ಶಿಫ್ಟ್ ಮಾಡಿದೆ. ಮನೆಯಲ್ಲಿ ದಸರಾ ಬೊಂಬೆ ವೀಡಿಯೊ ಕಳಿಸಿದ್ದರು. ಅದನ್ನು ನೋಡಿ ಯಾಕೋ ಸಿಟ್ಟು ಬಂತು, ಅಮ್ಮನ ಫೋನ್ ಎತ್ತಲಿಲ್ಲ. ಈಗ ಕ್ಲಾಸ್ ಶುರುವಾಗಿದೆ. ರಜೆಗೆ ಮುಂಚಿಗಿಂತ ಜಾಸ್ತಿ ಸುಸ್ತು.

ಉತ್ತರ: ನಿನಗೆ ರಜೆಯೇ ಸಿಗಲಿಲ್ಲವಲ್ಲ ಮಗು, ಸುಸ್ತಾಗದೆ ಇನ್ನೇನು? ಒಂಟಾರಿಯೋದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಫೆಬ್ರವರಿಯ ರೀಡಿಂಗ್ ವೀಕ್ ಹಳೆಯದು. ಅಕ್ಟೋಬರ್‌ನದು ಈಚೆಗೆ, ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ನೋಡಿಯೇ ಸೇರಿಸಿದ್ದು. ಆ ವಾರವನ್ನು ನೀನು ಗಲ್ಲಾ ಪೆಟ್ಟಿಗೆಯ ಹಿಂದೆ ಕಳೆದೆ. ನಿನ್ನ ತಪ್ಪು ಅನ್ನುತ್ತಿಲ್ಲ. ಕ್ಲಾಸ್ ನಡೆಯುವಾಗ ಹೊರಗಿನ ಕೆಲಸ ವಾರಕ್ಕೆ 24 ಗಂಟೆ ಮೀರಬಾರದು, ಇಂಥ ರಜೆಯಲ್ಲಿ ಮಾತ್ರ ಎಷ್ಟು ಬೇಕಾದರೂ ಮಾಡಬಹುದು ಅನ್ನುವ ನಿಯಮ ಇರುವಾಗ, ಸಾಲ ತಲೆ ಮೇಲಿರುವ ಹುಡುಗನಿಗೆ ಆ ಏಳು ದಿನ ದುಡ್ಡಾಗಿಯೇ ಕಾಣುತ್ತದೆ.

ಮುಂದಿನ ರಜೆ ಫೆಬ್ರವರಿಯ ಮೂರನೇ ಸೋಮವಾರ, ಫ್ಯಾಮಿಲಿ ಡೇ ಇರುವ ವಾರ. ಈಗಲೇ ಎರಡು ದಿನ ಅಡ್ಡಗೆರೆ ಹಾಕಿಡು. ಆ ಎರಡು ದಿನ ಶಿಫ್ಟ್ ಇಲ್ಲ ಅಂತ ಮ್ಯಾನೇಜರಿಗೆ ಜನವರಿಯಲ್ಲೇ ಹೇಳು. ಅವತ್ತು ಕಟ್ಟಡ ಖಾಲಿ ಇರುತ್ತದೆ, ಹೊರಗೆ ಹಿಮ, ಆರು ಗಂಟೆಗೆಲ್ಲ ಕತ್ತಲು. ಒಬ್ಬನೇ ಇರಬೇಡ. ಊರಿಗೆ ಹೋಗದೆ ಉಳಿದ ಹುಡುಗರು ನಿನ್ನ ಹಾಗೇ ಇನ್ನೂ ಇರುತ್ತಾರೆ, ಕನ್ನಡದವರೇ ಆಗಬೇಕಿಲ್ಲ. ಕರೆದು ಬಿಸಿಬೇಳೆ ಬಾತ್ ಮಾಡು. ಪುಡಿ ಅಮ್ಮ ಕಳಿಸಿರುತ್ತಾರೆ, ನನಗೆ ಗೊತ್ತು.

ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ನಮಗೂ ನಿನಗೂ ಹತ್ತೂವರೆ ಗಂಟೆ ವ್ಯತ್ಯಾಸ. ನಿನಗೆ ರಾತ್ರಿ ಹತ್ತಾದಾಗ ಇಲ್ಲಿ ಬೆಳಗ್ಗೆ ಎಂಟೂವರೆ, ಅಮ್ಮ ತಿಂಡಿ ಮಾಡುತ್ತಿರುವ ಹೊತ್ತು. ಆಗ ಫೋನ್ ಮಾಡು. ಸಿಟ್ಟು ಯಾಕೆ ಬಂತು ಅಂತ ಅಮ್ಮನಿಗೆ ಹೇಳು, 'ಬೊಂಬೆ ನೋಡಿ ಅಳು ಬಂತು' ಅಂದರೆ ಸಾಕು. ಅಮ್ಮಂದಿರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಫೋನ್ ಎತ್ತದ ಮಗನ ಬಗ್ಗೆ ಅವರು ಇಲ್ಲಿ ಎಷ್ಟು ಹೆದರಿರುತ್ತಾರೆ ಅನ್ನುವುದನ್ನೂ ಸ್ವಲ್ಪ ನೆನೆಸಿಕೋ.

ನಿನ್ನ ವಿಶ್ವವಿದ್ಯಾಲಯದಲ್ಲಿ ಕೌನ್ಸೆಲಿಂಗ್ ಇದ್ದೇ ಇರುತ್ತದೆ, ಈ ವಾರವೇ ಹೆಸರು ಬರೆಸು. ಯಾವತ್ತಾದರೂ ರಾತ್ರಿ ತೀರಾ ಕಷ್ಟವಾದರೆ ಅಲ್ಲಿ 988 ಅನ್ನುವ ನಂಬರ್ ಇದೆ. ಫೋನ್ ಮಾಡಬಹುದು, ಮೆಸೇಜೂ ಮಾಡಬಹುದು, ಯಾವ ಹೊತ್ತಿಗಾದರೂ.

ಪ್ರಶ್ನೆ: ಮೇಡಂ, ನಾನು ಪದವಿ ಕಾಲೇಜಿನ ಉಪನ್ಯಾಸಕಿ. ಪಾಠ ಹಿಂದೆ ಬಿದ್ದಿದೆ. ದೀಪಾವಳಿ ರಜೆಗೆ ಅಸೈನ್‌ಮೆಂಟ್ ಕೊಟ್ಟು, ಕಾಲೇಜು ತೆರೆದ ಮೊದಲ ದಿನ ಟೆಸ್ಟ್ ಇಟ್ಟರೆ ಮಕ್ಕಳು ಓದುತ್ತಾರಲ್ವಾ?

ಉತ್ತರ: ಬೇಡ. ಓದುವುದಿಲ್ಲ, ಹೆದರುತ್ತಾರೆ. ಒಬ್ಬರು ಬರೆದದ್ದನ್ನು ನಲವತ್ತು ಜನ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ಬಸ್ಸಿನಲ್ಲಿ ಕೂತು ಕಾಪಿ ಮಾಡುತ್ತಾರೆ, ನಿಮಗೂ ಗೊತ್ತಿದೆ. ನಾನೂ ಹೀಗೆ ಕೊಟ್ಟಿದ್ದೆ. ತಿದ್ದುವಾಗ ಒಂದೇ ತಪ್ಪು ಮೂವತ್ತು ಪುಸ್ತಕದಲ್ಲಿ ಕಂಡ ಮೇಲೆ ಬಿಟ್ಟೆ. ಟೆಸ್ಟನ್ನು ಒಂದು ವಾರ ಮುಂದೆ ಹಾಕಿ. ತಾರೀಕನ್ನು ರಜೆಗೆ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ, ಯಾವತ್ತು ಅಂತ ಗೊತ್ತಿದ್ದರೆ ಅರ್ಧ ಭಯ ಕಡಿಮೆ. ತೆರೆದ ಮೊದಲ ದಿನ ಹಿಂದಿನ ಪಾಠ ಮತ್ತೊಮ್ಮೆ ಹೇಳಿ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಇದ್ದಾರಾ? ಇಲ್ಲದಿದ್ದರೆ ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ. ಅವರು ಬರುವ ತನಕ 14416 ಅಂತ ದೊಡ್ಡದಾಗಿ ಬರೆದು ಹುಡುಗಿಯರ, ಹುಡುಗರ ಟಾಯ್ಲೆಟ್ ಬಾಗಿಲ ಒಳಬದಿಗೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಆ ನಂಬರ್ ಬರೆದುಕೊಳ್ಳಲು ಮಕ್ಕಳಿಗೆ ನಾಚಿಕೆ. ಬಾಗಿಲ ಹಿಂದೆ ಯಾರೂ ನೋಡುವುದಿಲ್ಲ.

ಪ್ರಶ್ನೆ: ಮೇಡಂ, ಬಿಎ ಮೊದಲ ವರ್ಷ, ಹಾಸ್ಟೆಲ್. ಊರಿನಿಂದ ವಾಪಸ್ ಹೋಗುವ ಭಾನುವಾರ ಸಂಜೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ. ಎಲ್ಲರಿಗೂ ಹೀಗಾಗುತ್ತಾ?

ಉತ್ತರ: ತುಂಬಾ ಜನಕ್ಕೆ ಆಗುತ್ತದೆ ಪುಟ್ಟಿ. ಭಾನುವಾರ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ನೀರಿನ ನಲ್ಲಿಗಳು ಸುಮ್ಮನೆ ಹರಿಯುತ್ತಿದ್ದವು. ಮುಖ ತೊಳೆಯುವ ನೆವದಲ್ಲಿ ಅಳುವವರು ಒಬ್ಬಿಬ್ಬರಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನಕ್ಕೆ ಸರಿಹೋಗುತ್ತದೆ ಅಂದೆಯಲ್ಲ, ಹಾಗಿದ್ದರೆ ಚಿಂತೆ ಇಲ್ಲ. ಬುಧವಾರದ ತನಕವೂ ಬಿಡದಿದ್ದರೆ ವಾರ್ಡನ್ ಹತ್ತಿರ ಹೋಗಿ ಹೇಳು.

ಕೊನೇ ಬಸ್ಸಿಗೆ ಬರಬೇಡ. ಕತ್ತಲಲ್ಲಿ ಬಂದು, ಕತ್ತಲ ಕೋಣೆಯ ಬೀಗ ತೆಗೆಯುವಾಗಲೇ ಜಾಸ್ತಿ ಸಂಕಟ. ಮಧ್ಯಾಹ್ನ ಊಟ ಮಾಡಿ ಹೊರಟು, ಬೆಳಕಿರುವಾಗಲೇ ಬಂದು ಹಾಸಿಗೆ ಕೊಡವಿ ಹಾಕು. ಅವ್ವನ ಹತ್ತಿರ ಕೇಳಿ ನಿನಗೆ ಬೇಕಾದ್ದಕ್ಕಿಂತ ಒಂದು ಡಬ್ಬಿ ಜಾಸ್ತಿ ತಾ. ರೊಟ್ಟಿ, ಶೇಂಗಾ ಚಟ್ನಿ, ಹಬ್ಬದ್ದು ಉಳಿದಿದ್ದರೆ ಎರಡು ಉಂಡಿ. ಊಟದ ಗಂಟೆ ಹೊಡೆಯುವ ಮೊದಲು ನಿಮ್ಮ ಸಾಲಿನ ಕೋಣೆಗಳನ್ನು ನೋಡುತ್ತಾ ಹೋಗು. ಯಾರ ಕೋಣೆಯಲ್ಲಿ ಲೈಟ್ ಹಾಕಿಲ್ಲವೋ, ಮೊದಲು ಆ ಬಾಗಿಲು ತಟ್ಟು.